ಗಾಲಿಯ ಹೊಳಪು, ಗಾಲಿಯ ಬಲ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ಮೋಟಾರು ಗಾಲಿಯ ಬಗ್ಗೆ ಏನು ಹೇಳಿಯಾನು ಎಂದು ನಿಮಗೆ ಅನ್ನಿಸಬಹುದು. ಮ್ಯಾಟ್ರಿಕ್ ಮುಗಿಸಿ ನೌಕರಿ ಸಿಗುವ ತನಕ ನಾನು ಮಿರಜದಲ್ಲಿ ಸೋದರಮಾವನ ಗ್ಯಾರೇಜಿನಲ್ಲಿ ಪಾನಾ ಹಿಡಿದವನು. ನಿವೃತ್ತನಾದ ಮೇಲೆ ಆ ಹವ್ಯಾಸ ಮತ್ತೆ ಅಂಟಿಕೊಂಡಿದೆ.

ಸಾಂಗಲಿಯ ನಮ್ಮ ಓಣಿಯಲ್ಲಿ ಅರಿಷಿಣ ವ್ಯಾಪಾರಿಯೊಬ್ಬರ ಮನೆಯಲ್ಲಿ ಎಂ.ಜಿ.ಬಿ. ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇದೆ. ಇಂಗ್ಲೆಂಡಿನಲ್ಲಿ ಈ ಕಾರು 1962ರಿಂದ 1980ರವರೆಗೆ ತಯಾರಾಯಿತು. ಇವರ ಕಾರಿಗೆ ಹಿಂದಿನ ಮಾಲೀಕರೇ ಅಲಾಯ್ ಗಾಲಿ ಹಾಕಿಸಿದ್ದರು. 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ಶೆಡ್ಡಿನಲ್ಲಿದ್ದ ಕಾರಿನ ಗಾಲಿಗಳು ಕೆಸರಿನಲ್ಲಿ ಮುಳುಗಿದವು. ಮುಂದೆ ಒಂದು ಬೇಸಿಗೆಯಲ್ಲಿ ಆ ಮನೆಯ ಹುಡುಗ ಬಂದ.

“ಕಾಕಾ, ಅಕ್ಕನ ಲಗ್ನಕ್ಕ ಹದಿನೈದ ದಿನ ಉಳದಾವ. ಮೆರವಣಿಗಿಗೆ ಇದ ಗಾಡಿ ಬೇಕು. ಗಾಲಿಗೆ ಬೆಳ್ಳಿ ಬಣ್ಣಾ ಹೊಡದ ಬಿಡೂಣು.”

“ತಮ್ಮಾ, ಮೊದಲ ಗಾಲಿ ಬಿಚ್ಚು. ಬಣ್ಣದ ಮಾತು ಆಮ್ಯಾಲೆ” ಎಂದೆ.

ಅಲಾಯ್ ಎಂದರೆ ಮಿಶ್ರಲೋಹ. ಅಲ್ಯುಮಿನಿಯಂಗೆ ಸಿಲಿಕಾನ್, ಮೆಗ್ನೀಷಿಯಂ ಮುಂತಾದವನ್ನು ಬೆರೆಸಿ ಈ ಗಾಲಿಗಳನ್ನು ಎರಕ ಹೊಯ್ಯುತ್ತಾರೆ. 1924ರಲ್ಲಿ ಬುಗಾಟಿ ಕಂಪನಿಯ ಟೈಪ್ 35 ಎಂಬ ರೇಸ್ ಕಾರು ಇಂಥ ಎರಕದ ಗಾಲಿಯ ಮೇಲೆ ಓಡಿ ಹೆಸರು ಮಾಡಿತು. ಅಲ್ಯುಮಿನಿಯಂ ಗಾಳಿಗೆ ತಾಗಿದ ಕೂಡಲೇ ತನ್ನ ಮೈಮೇಲೆ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯೇ ಅದಕ್ಕೆ ಕವಚ. ಆದರೆ ಮೇಲಿನ ಲ್ಯಾಕರ್ ಒಂದು ಕಡೆ ಕಿತ್ತರೆ ಸಾಕು, ಉಪ್ಪು ಮತ್ತು ತೇವ ಒಳಸೇರಿ, ಬಿಳಿ ಪುಡಿ ಗೆದ್ದಲಿನಂತೆ ಬಣ್ಣದ ಕೆಳಗೇ ಹರಿದಾಡುತ್ತದೆ. ಅದರ ಮೇಲೆ ಹೊಸ ಬಣ್ಣ ಹೊಡೆದರೆ ಆರು ತಿಂಗಳಲ್ಲಿ ಅದೂ ಉದುರುತ್ತದೆ.

ಈಗ ಕೆಲಸದ ಕ್ರಮ. ಕಾರನ್ನು ಬರೀ ಜ್ಯಾಕಿನ ಮೇಲೆ ಬಿಡಬೇಡಿ, ಕೆಳಗೆ ಸ್ಟ್ಯಾಂಡ್ ಕೊಡಿ, ನೆಲದ ಮೇಲಿರುವ ಗಾಲಿಗಳಿಗೆ ಕಟ್ಟಿಗೆ ಅಡ್ಡ ಇಡಿ. ಟಾಯರನ್ನು ಪಂಕ್ಚರ್ ಅಂಗಡಿಯಲ್ಲಿ ಮಷಿನ್ನಿನಿಂದ ಬಿಚ್ಚಿಸಿ. ಮನೆಯಲ್ಲಿ ಸಲಾಕೆ ಹಾಕಿ ಮೀಟಿದರೆ ಅಂಚು ಕೆಡುತ್ತದೆ. ಆಮೇಲೆ ಸಾಬೂನಿನ ನೀರಿನಿಂದ ಒಳಗೂ ಹೊರಗೂ ತೊಳೆಯಿರಿ. ಡಾಂಬರಿನ ಕಲೆಗೆ ಟರ್ಪೆಂಟೈನ್ ಸಾಕು. ತಾಮ್ರದ ಹಂಡೆ ತಿಕ್ಕುವ ಹುಣಸೆಹುಳಿ ಇಲ್ಲಿ ಬೇಡ, ಕಾಸ್ಟಿಕ್ ಸೋಡಾವಂತೂ ಬೇಡವೇ ಬೇಡ. ನಾನು ಒಮ್ಮೆ ಸ್ಕೂಟರಿನ ಎಂಜಿನ್ ಕವರಿಗೆ ಕಾಸ್ಟಿಕ್ ಹಚ್ಚಿ, ಅದು ಬುಸುಗುಟ್ಟಿ ಕಪ್ಪಾಗಿ ತೂತು ತೂತಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಾಸ್ಟಿಕ್ ಅಲ್ಯುಮಿನಿಯಂನ್ನು ತಿನ್ನುತ್ತದೆ, ಜೊತೆಗೆ ಬೆಂಕಿ ಹತ್ತುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ.

ತೊಳೆದ ಗಾಲಿಯನ್ನು ಬಿಸಿಲಿಗೆ ಹಿಡಿದು, ಕಡ್ಡಿಗಳು ಕೂಡುವ ಮೂಲೆ, ನಟ್ಟಿನ ತೂತು, ಒಳಗಿನ ಅಂಚು, ಇವಿಷ್ಟನ್ನು ನಿಧಾನವಾಗಿ ನೋಡಿ. ನಾವು ನೋಡಿದಾಗ ನಾಲ್ಕನೆಯ ಗಾಲಿಯ ಒಳಗಡೆ, ಕೆಸರು ಗಟ್ಟಿಯಾಗಿದ್ದ ಜಾಗದಲ್ಲಿ, ಕೂದಲೆಳೆಯಂಥ ಸೀಳು ಕಂಡಿತು.

“ಪುಟ್ಟಿ ತುಂಬಿದ್ರ ಆತಲ್ಲ ಕಾಕಾ?”

“ಪುಟ್ಟಿ ಸೀಳು ಮುಚ್ಚತದ ತಮ್ಮಾ, ಕೂಡಸೂದಿಲ್ಲ” ಎಂದೆ. ಲೆಕ್ಕ ತಾಳೆಯಾಗದಿದ್ದಾಗ ಅಂಕಿಯ ಮೇಲೆ ಅಂಕಿ ಬರೆದು ಮುಚ್ಚಿದರೆ ತಪ್ಪು ಹೋಗುವುದಿಲ್ಲ, ಮುಂದಿನ ಪುಟಕ್ಕೆ ಹೋಗುತ್ತದೆ. ಗಾಲಿಯ ತಪ್ಪು ಮುಂದಿನ ತಿರುವಿಗೆ ಹೋಗುತ್ತದೆ. ಬಾಗಿದ ಗಾಲಿಯನ್ನು ಗ್ಯಾಸಿನಿಂದ ಕಾಯಿಸಿ ಬಡಿಯುವುದೂ ಅಷ್ಟೇ ಅಪಾಯ. ಅಲ್ಯುಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ. ಕರಗುವ ಮೊದಲೇ ಅದರ ಬಲ ಹೋಗಿರುತ್ತದೆ.

ಗಟ್ಟಿಯಾಗಿ ಉಳಿದ ಗಾಲಿಗಳಿಗೆ ಪಾಲಿಶ್ ಪೇಪರ್ ಹಿಡಿಯಿರಿ. ಮೊದಲು 120 ನಂಬರು, ಆಮೇಲೆ 240, 400, ಕೊನೆಗೆ 600. ನೀರು ಹಚ್ಚಿ ತಿಕ್ಕಿ. ಕೆಲವು ಹಳೆಯ ರೇಸ್ ಗಾಲಿಗಳು ಮೆಗ್ನೀಷಿಯಂನವು, ಅವುಗಳ ಪುಡಿಗೆ ಬೆಂಕಿ ಹತ್ತಿದರೆ ನೀರಿಗೂ ಆರುವುದಿಲ್ಲ. ಅವನ್ನು ಬಲ್ಲವರಿಗೇ ಒಪ್ಪಿಸಿ. ಫುಟ್‌ಪಾತಿಗೆ ಉಜ್ಜಿದ ಸಣ್ಣ ಗೀರುಗಳಿಗೆ ಮಾತ್ರ ಪುಟ್ಟಿ. ನಟ್ಟು ಕೂಡುವ ಜಾಗಕ್ಕೂ ಗಾಲಿ ಹಬ್ಬಿಗೆ ತಾಗುವ ಹಿಂಬದಿಗೂ ಟೇಪು ಅಂಟಿಸಿ. ಅಲ್ಲಿ ಬಣ್ಣ ಬಿದ್ದರೆ ಓಡಾಟದಲ್ಲಿ ಅದು ಸವೆದು ನಟ್ಟು ಸಡಿಲಾಗುತ್ತದೆ.

ಬರಿಯ ಅಲ್ಯುಮಿನಿಯಂ ಮೇಲೆ ಬಣ್ಣ ನೇರವಾಗಿ ನಿಲ್ಲುವುದಿಲ್ಲ. ಮೊದಲು ಎಚ್ ಪ್ರೈಮರ್, ನಂತರ ಬೆಳ್ಳಿ ಬಣ್ಣ, ಕೊನೆಗೆ ಲ್ಯಾಕರ್. ಮಿರಜದ ತಂಬೂರಿ ಮಾಡುವವರು ಅರಗಿನ ಪಾಲಿಶ್ ಹಚ್ಚುವುದನ್ನು ನೀವು ನೋಡಿರಬಹುದು. ತೆಳುವಾದ ಒಂದು ಕೈ, ಒಣಗಿದ ಮೇಲೆ ಮತ್ತೊಂದು ಕೈ. ಇಲ್ಲೂ ಅದೇ ತಾಳ್ಮೆ ಬೇಕು, ದಪ್ಪಗೆ ಹೊಡೆದರೆ ಬಣ್ಣ ಇಳಿದು ಕಣ್ಣೀರು ಸುರಿಸಿದಂತೆ ಕಾಣುತ್ತದೆ. ಮಳೆಗಾಲದ ತೇವದಲ್ಲಿ ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ, ಸುಡು ಬಿಸಿಲಿನಲ್ಲಿ ಹರಡುವ ಮೊದಲೇ ಒಣಗುತ್ತದೆ. ಬೇಸಿಗೆಯ ಮುಂಜಾನೆಯ ನೆರಳು ಒಳ್ಳೆಯದು. ಮೂಗಿಗೆ ಸಾದಾ ಬಟ್ಟೆ ಸಾಲದು, ಸ್ಪ್ರೇ ಕೆಲಸದ ಮಾಸ್ಕ್ ಬೇಕು. ಅಡುಗೆಮನೆಯ ಒಲೆ, ದೇವರ ದೀಪ, ಬೀಡಿ ಎಲ್ಲವೂ ದೂರ ಇರಲಿ.

ಬಣ್ಣ ಪೂರಾ ಗಟ್ಟಿಯಾಗಲು ಕೆಲವು ದಿನ ಬಿಟ್ಟು ಟಾಯರ್ ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಿ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರು ಬಿಗಿಯಿರಿ. ಎಷ್ಟು ಬಿಗಿಯಬೇಕೆಂದು ಕಾರಿನ ಪುಸ್ತಕದಲ್ಲಿ ಇರುತ್ತದೆ. ಅಳತೆಯ ಪಾನಾ, ಅಂದರೆ ಟಾರ್ಕ್ ರೆಂಚ್, ಗ್ಯಾರೇಜಿನಲ್ಲಿ ಸಿಗುತ್ತದೆ. ಐವತ್ತು-ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಲಗ್ನದ ಮೆರವಣಿಗೆಗೆ ಆ ಕಾರು ಹೋಗಲಿಲ್ಲ. ಹುಡುಗ ಎರಡು ದಿನ ನನ್ನ ಸಂಗಡ ಮಾತು ಬಿಟ್ಟಿದ್ದ. ಮೂರನೆಯ ದಿನ ತಾನೇ ಬಂದು, ಸೀಳಿದ ಗಾಲಿಯನ್ನು ನನ್ನೆದುರಿಗೆ ಗರಗಸದಿಂದ ಎರಡು ಹೋಳು ಮಾಡಿದ. ಗುಜರಿಯಿಂದ ಅದು ಮತ್ತೊಬ್ಬರ ಗಾಡಿಗೆ ಹೋಗಬಾರದಲ್ಲ! ಉಳಿದ ಮೂರು ಗಾಲಿಗಳನ್ನು ನಾವಿಬ್ಬರೂ ಕೂಡಿ ಮುಗಿಸಿದೆವು. ನಾಲ್ಕನೆಯದು ಸಿಗಲು ವರ್ಷ ಹಿಡಿಯಿತು. ಮರುವರ್ಷ ದೀಪಾವಳಿಗೆ ತವರಿಗೆ ಬಂದ ಅಕ್ಕನನ್ನು ಮಿರಜ ಸ್ಟೇಷನ್ನಿನಿಂದ ಮನೆಗೆ ಕರೆತಂದದ್ದು ಅದೇ ಕಾರು.

ನಿಮ್ಮ ಮನೆಯಲ್ಲಿ ಸ್ಪೋರ್ಟ್ಸ್ ಕಾರು ಇರಲಿಕ್ಕಿಲ್ಲ. ಆದರೆ ಈಗ ಮೋಟಾರ್‌ಸೈಕಲ್ಲಿಗೂ ಅಲಾಯ್ ಗಾಲಿ ಬಂದಿದೆ. ತೊಳೆಯುವಾಗ ಹೊಳಪನ್ನಷ್ಟೇ ನೋಡದೆ, ಒಳಗಡೆಯೂ ಒಮ್ಮೆ ಬೆರಳಾಡಿಸಿ ನೋಡಿ.