ಒಂಟಿಮುಳ್ಳಿನ ಗಡಿಯಾರ

ಗಡಿಯಾರದ ಮುಖದ ಮೇಲೆ ಗಿಡ್ಡದೊಂದು, ಉದ್ದದೊಂದು, ಹೀಗೆ ಎರಡು ಮುಳ್ಳುಗಳಿರುವುದು ನಮಗೆ ಸೃಷ್ಟಿನಿಯಮವೆಂಬಷ್ಟು ರೂಢಿಯಾಗಿಹೋಗಿದೆ. ಆದರೆ ಯೂರೋಪಿನಲ್ಲಿ ಯಂತ್ರದ ಗಡಿಯಾರವು ಹುಟ್ಟಿ ಮುನ್ನೂರು ವರ್ಷಗಳು ಕಳೆದರೂ ನಿಮಿಷದ ಮುಳ್ಳು ಅಪರೂಪವಾಗಿಯೇ ಇದ್ದಿತು. ಅದು ಯಾರಿಗೂ ತೋಚಲಿಲ್ಲವೆಂದಲ್ಲ. ಅದನ್ನು ಹೊರುವ ಯೋಗ್ಯತೆ ಗಡಿಯಾರಕ್ಕೆ ಇನ್ನೂ ಬಂದಿರಲಿಲ್ಲ.

ಮೊದಮೊದಲಿನವುಗಳಲ್ಲಿ ಕೆಲವಕ್ಕೆ ಮುಖವೇ ಇಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿ ಇಗರ್ಜಿಯಲ್ಲಿರುವ, ಸುಮಾರು 1386ರದೆಂದು ಗಣಿಸಲ್ಪಟ್ಟಿರುವ ಗಡಿಯಾರವು ಹೊತ್ತನ್ನು ಬಾರಿಸಿ ತಿಳಿಸುವುದೇ ಹೊರತು ತೋರಿಸುವುದಿಲ್ಲ. ಬಾರಿಸುವ ವಸ್ತುವನ್ನೂ ಕಾಲದ ಅಳತೆಯನ್ನೂ ಘಂಟೆಯೆಂದೇ ಕರೆಯುವ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಫ್ಲಾರೆನ್ಸ್ ನಗರದ ಮಹಾ ಇಗರ್ಜಿಯ ಒಳಗೋಡೆಯಲ್ಲಿ ಚಿತ್ರಕಾರ ಪಾವೊಲೊ ಉಚ್ಚೆಲ್ಲೊ 1443ರಲ್ಲಿ ಬರೆದ ಗಡಿಯಾರದ ಮುಖವೊಂದುಂಟು. ಅದರಲ್ಲಿ 24 ಘಂಟೆಗಳು, ಒಂದೇ ಮುಳ್ಳು. ಅದೂ ಅಪ್ರದಕ್ಷಿಣವಾಗಿ ಸುತ್ತುತ್ತದೆ. ನಮ್ಮ ಪಂಚಾಂಗವು ಸೂರ್ಯೋದಯದಿಂದ ಘಳಿಗೆಗಳನ್ನು ಎಣಿಸಿದರೆ, ಅದು ಸೂರ್ಯಾಸ್ತದಿಂದ ಘಂಟೆಗಳನ್ನು ಎಣಿಸುತ್ತದೆ.

ಆ ಕಾಲದ ಯಂತ್ರಗಳೊಳಗೆ ತಕ್ಕಡಿಯ ದಂಡಿಗೆಯಂತಹ ಕಂಬಿಯೊಂದು ಅತ್ತಿತ್ತ ತಿರುಗುತ್ತ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಬಿಡುತ್ತಿದ್ದಿತು. ಈ ಕಂಬಿಗೆ ತನ್ನದೆಂಬ ನಿಯತವಾದ ಲಯವಿಲ್ಲ. ತೂಗುಗುಂಡಿನ ಎಳೆತ, ಹಲ್ಲುಗಳ ಘರ್ಷಣೆ, ಎಣ್ಣೆಯ ಮಂದತೆ, ಇವು ಬದಲಾದಂತೆ ಅದರ ವೇಗವೂ ಬದಲಾಗುವುದು. ದಿನಕ್ಕೆ ಕಾಲು ಘಂಟೆಯಷ್ಟು ತಪ್ಪುವುದು ಸಾಮಾನ್ಯವಾಗಿದ್ದಿತು. ಅಂಥದಕ್ಕೆ ನಿಮಿಷದ ಮುಳ್ಳನ್ನು ಜೋಡಿಸುವುದೆಂದರೆ, ಕೊಳಗದಲ್ಲಿ ಭತ್ತವನ್ನು ಅಳೆಯುವವನು ಗುಲಗಂಜಿ ತೂಕದ ಲೆಕ್ಕವನ್ನು ಬರೆದಂತೆ! ಆದಕಾರಣ ಎರಡು ಅಂಕಿಗಳ ನಡುವಣ ಸ್ಥಳವನ್ನು ನಾಲ್ಕು ಪಾಲು ಮಾಡಿ, ಕಾಲು ಘಂಟೆಯವರೆಗೆ ಮಾತ್ರ ಓದುತ್ತಿದ್ದರು.

1656ರಲ್ಲಿ ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸನು ಗಡಿಯಾರಕ್ಕೆ ಲೋಲಕವನ್ನು ಅಳವಡಿಸಿದನು. ಲೋಲಕಕ್ಕೆ ಸ್ವಂತ ಲಯವುಂಟು. ದಿನಕ್ಕೆ ಹದಿನೈದು ನಿಮಿಷಗಳಿದ್ದ ದೋಷವು ಹದಿನೈದು ಸೆಕೆಂಡುಗಳ ಆಸುಪಾಸಿಗೆ ಇಳಿಯಿತು. 1675ರಲ್ಲಿ ಸುರುಳಿ ತಂತಿಯಿಂದ ಜೇಬುಗಡಿಯಾರಕ್ಕೂ ಇಂಥ ಲಾಭವಾಯಿತು. ನಿಮಿಷದ ಮುಳ್ಳು ವಾಡಿಕೆಗೆ ಬಂದದ್ದು ಇವುಗಳ ತರುವಾಯವೇ. ಆದರೂ ಹಳೆಯ ಪದ್ಧತಿ ಒಮ್ಮೆಗೇ ಅಳಿಯಲಿಲ್ಲ: ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ವಾಯವ್ಯ ಗೋಪುರದಲ್ಲಿರುವ ಒಂಟಿಮುಳ್ಳಿನ ಗಡಿಯಾರವು 1738ರದು.

ಇನ್ನೂ ಸ್ವಾರಸ್ಯವಾದುದು ಪ್ಯಾರಿಸಿನ ಅಬ್ರಹಾಂ ಲೂಯಿ ಬ್ರೆಗೆಯ ಸಾಹಸ. ಕ್ರಾಂತಿಯ ಗಲಭೆಯಲ್ಲಿ ಶ್ರೀಮಂತ ಗಿರಾಕಿಗಳನ್ನು ಕಳೆದುಕೊಂಡಿದ್ದ ಆತನು 1797ರಲ್ಲಿ, ಬೆಲೆಯ ಕಾಲು ಭಾಗವನ್ನು ಮುಂಗಡವಾಗಿ ಪಡೆದು, ಒಂದೇ ಮುಳ್ಳಿನ ಸರಳವಾದ ಜೇಬುಗಡಿಯಾರಗಳನ್ನು ಮಾರತೊಡಗಿದನು. ಇಲ್ಲಿ ಮುಳ್ಳು ಒಂಟಿಯಾದದ್ದು ಯಂತ್ರದ ದೌರ್ಬಲ್ಯದಿಂದಲ್ಲ, ಮಿತವ್ಯಯದಿಂದ. ಪ್ರತಿ ಘಂಟೆಯನ್ನೂ ಐದೈದು ನಿಮಿಷಗಳ ಹನ್ನೆರಡು ಪಾಲುಗಳಾಗಿ ಗೆರೆಯೆಳೆದಿದ್ದುದರಿಂದ ಕಣ್ಣಳತೆಯಿಂದ ನಿಮಿಷವನ್ನೂ ಹೆಚ್ಚುಕಡಮೆ ಊಹಿಸಬಹುದಾಗಿತ್ತು.

2001ರಲ್ಲಿ ಆರಂಭವಾದ ಜರ್ಮನಿಯ ಮೈಸ್ಟರ್‌ಸಿಂಗರ್ ಎಂಬ ಸಂಸ್ಥೆಯು ಇದೇ ಬಗೆಯ ಕೈಗಡಿಯಾರಗಳಿಗೆ ಹೆಸರಾಗಿದೆ. ಇವುಗಳ ಕಷ್ಟವೆಲ್ಲ ಗಾತ್ರದಲ್ಲಿದೆ. ಘಂಟೆಯ ಮುಳ್ಳು ಒಂದು ನಿಮಿಷಕ್ಕೆ ಚಲಿಸುವುದು ಅರ್ಧ ಡಿಗ್ರಿ ಮಾತ್ರ. ಬ್ರೆಗೆಯ ಗಡಿಯಾರದ ಅಡ್ಡಳತೆ ಸುಮಾರು ಆರು ಸೆಂಟಿಮೀಟರು. ಅಷ್ಟು ದೊಡ್ಡದರಲ್ಲಿಯೂ ಐದು ನಿಮಿಷಕ್ಕೆ ಮುಳ್ಳಿನ ತುದಿ ಸರಿಯುವುದು ಒಂದು ಮಿಲಿಮೀಟರಿಗಿಂತ ಕೊಂಚ ಹೆಚ್ಚು. ಮಣಿಕಟ್ಟಿನ ಗಡಿಯಾರದಲ್ಲಿ ಅಷ್ಟೂ ಇಲ್ಲ. ಆದುದರಿಂದಲೇ ಆ ಒಂಟಿ ಮುಳ್ಳನ್ನು ಅಂಚಿನವರೆಗೂ ಉದ್ದಮಾಡಿ, ತುದಿಯನ್ನು ಸೂಜಿಯಂತೆ ಸಣ್ಣಗೆ ಮಾಡಿರುತ್ತಾರೆ.