ನೋಡುವವರನ್ನೇ ನೋಡುವ ಕಲೆ

ಭೀಮರಾಯನಗುಡಿ: ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವ ಶಹಾಪುರ ತಾಲ್ಲೂಕಿನ ಈ ಊರಿನವರಿಗೆ ಗೇಟಿನ ಮಹತ್ವವನ್ನು ಯಾರೂ ಹೇಳಿಕೊಡಬೇಕಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯಿಂದ ಯಾವ ಹೊಲದ ಕಡೆಗೆ ಎಷ್ಟು ನೀರು ಹರಿಯಬೇಕು ಎಂಬುದು ಗೇಟಿನಿಂದಲೇ ನಿರ್ಧಾರವಾಗುತ್ತದೆ. ಈ ಕಾಲುವೆಯ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸಿ, ಹರಿವನ್ನು ಅಳೆಯುವ ಸ್ಕಾಡಾ ವ್ಯವಸ್ಥೆ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟನೆಗೊಂಡಿತು. ನೀರಿನ ಲೆಕ್ಕ ಯಾರು ಇಡುತ್ತಾರೆ, ಏಕೆ ಇಡುತ್ತಾರೆ ಎಂಬುದು ರೈತರಿಗೆ ಗೊತ್ತು. ನೀರು ಬಾರದಿದ್ದರೆ ಯಾವ ಕಚೇರಿಯ ಮುಂದೆ ಧರಣಿ ಕೂರಬೇಕೆಂಬುದೂ ಗೊತ್ತು.

ಅದೇ ರೈತರ ಜೇಬಿನಲ್ಲಿರುವ ಮೊಬೈಲ್ ಫೋನು ಮತ್ತೊಂದು ಲೆಕ್ಕವನ್ನು ಇಡುತ್ತಿದೆ. ಯಾವ ವಿಡಿಯೊದ ಮುಂದೆ ಎಷ್ಟು ಹೊತ್ತು ಬೆರಳು ನಿಂತಿತು, ಯಾವುದನ್ನು ಮುಂದೆ ತಳ್ಳಿತು ಎಂಬುದೆಲ್ಲ ದಾಖಲಾಗುತ್ತದೆ. ಈ ಗೇಟು ಯಾರ ಕೈಯಲ್ಲಿದೆ? ಕಣ್ಣಿಗೆ ಕಾಣದ ಈ ಕಾವಲನ್ನು ಕಣ್ಣಿಗೆ ಕಾಣಿಸುವ ಪ್ರಯತ್ನದಲ್ಲಿ ಜಗತ್ತಿನ ಹಲವು ಕಲಾವಿದರು ತೊಡಗಿದ್ದಾರೆ. ಅವರ ಮಾಧ್ಯಮವೇ ಸಂವಾದಾತ್ಮಕ ಕಲೆ.

ಏನಿದು ಸಂವಾದಾತ್ಮಕ ಕಲೆ?

ನೆರೆಯ ಸುರಪುರದ ಪ್ರಸಿದ್ಧ ಶೈಲಿಯ ಚಿತ್ರವೊಂದರ ಮುಂದೆ ನಿಂತವರು ಅದನ್ನು ನೋಡಿ ಆನಂದಿಸುತ್ತಾರೆ. ಚಿತ್ರ ಮಾತ್ರ ಇದ್ದಂತೆಯೇ ಇರುತ್ತದೆ. ಸಂವಾದಾತ್ಮಕ ಕೃತಿ ಹಾಗಲ್ಲ. ವೀಕ್ಷಕರು ಪಾಲ್ಗೊಳ್ಳದೆ ಅದು ಪೂರ್ಣವಾಗುವುದಿಲ್ಲ. ಮನೆಬಾಗಿಲಿಗೆ ಬಂದು ಮನೆಯವರನ್ನೇ ಮಾತಿಗೆಳೆದು ಆಟದೊಳಗೆ ಸೇರಿಸಿಕೊಳ್ಳುವ ಹಗಲುವೇಷದವರನ್ನು ಕಂಡ ನಾಡಿಗೆ ಈ ತತ್ವ ತೀರ ಹೊಸದೇನಲ್ಲ. ವ್ಯತ್ಯಾಸವೆಂದರೆ, ಇಲ್ಲಿ ಮಾತಿಗೆಳೆಯುವುದು ಕ್ಯಾಮೆರಾ ಮತ್ತು ಕಂಪ್ಯೂಟರ್.

ಮುಖಕ್ಕೊಂದು ಹಣೆಪಟ್ಟಿ

ಅಮೆರಿಕದ ಕಲಾವಿದ ಟ್ರೆವರ್ ಪ್ಯಾಗ್ಲೆನ್ ಹಾಗೂ ಸಂಶೋಧಕಿ ಕೇಟ್ ಕ್ರಾಫರ್ಡ್ 2019ರಲ್ಲಿ ರೂಪಿಸಿದ 'ಇಮೇಜ್‌ನೆಟ್ ರೂಲೆಟ್' ಇದಕ್ಕೆ ಉತ್ತಮ ಉದಾಹರಣೆ. ತಮ್ಮ ಭಾವಚಿತ್ರವನ್ನು ನೀಡಿದವರಿಗೆ ಕಂಪ್ಯೂಟರ್ ಒಂದು ಹಣೆಪಟ್ಟಿ ಅಂಟಿಸುತ್ತಿತ್ತು. ಅನೇಕರಿಗೆ ದೊರೆತದ್ದು ಜನಾಂಗೀಯ ನಿಂದನೆ. ಯಂತ್ರಗಳಿಗೆ ಕಲಿಸಲು ಬಳಸುವ ಇಮೇಜ್‌ನೆಟ್ ಚಿತ್ರಭಂಡಾರದಲ್ಲೇ ಆ ಪದಗಳು ಅಡಗಿದ್ದವು. ಕೃತಿ ವಿವಾದಕ್ಕೆ ಕಾರಣವಾದ ಬೆನ್ನಲ್ಲೇ, ಭಂಡಾರದಿಂದ ಸುಮಾರು 6 ಲಕ್ಷ ಚಿತ್ರಗಳನ್ನು ಕೈಬಿಡುವುದಾಗಿ ಅದರ ಸಂಶೋಧಕರು ಪ್ರಕಟಿಸಿದರು.

ಗೀಳಿನ ಕುರಿತ ಕೃತಿಗಳೂ ಇವೆ. ಅಮೆರಿಕದ ಬೆನ್ ಗ್ರಾಸರ್ 2012ರಲ್ಲಿ ಫೇಸ್‌ಬುಕ್‌ನ ಲೈಕು, ಕಾಮೆಂಟುಗಳ ಸಂಖ್ಯೆಯನ್ನೆಲ್ಲ ಮರೆಮಾಡುವ ಸಾಧನವನ್ನು ಸಿದ್ಧಪಡಿಸಿದರು. 2021ರಲ್ಲಿ ಅವರು ರೂಪಿಸಿದ 'ಮೈನಸ್' ಎಂಬ ಜಾಲತಾಣದಲ್ಲಿ ಒಬ್ಬರು ಜೀವಮಾನದಲ್ಲಿ ಬರೆಯಬಹುದಾದ ಪೋಸ್ಟ್‌ಗಳು ಕೇವಲ 100. ಅಂಕಿಗಳು ಮಾಯವಾದಾಗಲೇ, ತಾವು ಅವುಗಳ ಹಿಂದೆ ಎಷ್ಟು ಓಡುತ್ತಿದ್ದೆವು ಎಂಬುದು ಬಳಕೆದಾರರ ಅರಿವಿಗೆ ಬರುತ್ತದೆ.

ಬೆಲ್ಜಿಯಂನ ಡ್ರೀಸ್ ಡೆಪೂರ್ಟರ್ ಅವರ 2021ರ ಕೃತಿ, ಸಂಸತ್ತಿನ ನೇರಪ್ರಸಾರವನ್ನು ಗಮನಿಸಿ, ಕಲಾಪದ ವೇಳೆ ಫೋನು ನೋಡುವ ರಾಜಕಾರಣಿಗಳನ್ನು ಗುರುತಿಸಿ ಬಹಿರಂಗಪಡಿಸುತ್ತಿತ್ತು. ಸದನದಲ್ಲಿ ಮೊಬೈಲ್ ನೋಡುತ್ತಿದ್ದ ದೃಶ್ಯ ಸುದ್ದಿವಾಹಿನಿಗಳಲ್ಲಿ ಪ್ರಸಾರವಾಗಿ, 2012ರ ಫೆಬ್ರುವರಿಯಲ್ಲಿ ಮೂವರು ಸಚಿವರು ರಾಜೀನಾಮೆ ನೀಡಿದ್ದನ್ನು ಕರ್ನಾಟಕದ ಜನ ಮರೆತಿಲ್ಲ. ಅಂದು ಕ್ಯಾಮೆರಾದ ಹಿಂದೆ ಮನುಷ್ಯರಿದ್ದರು. ಈ ಕೃತಿಯಲ್ಲಿ ಆ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ, ದಣಿವಿಲ್ಲದೆ.

ಕಾವಲನ್ನು ಟೀಕಿಸಲು ಕಾವಲೇ ಬೇಕೆ?

ಇದೇ ಕಲಾವಿದರ 2022ರ 'ದಿ ಫಾಲೋವರ್' ಕೃತಿ, ಇನ್‌ಸ್ಟಾಗ್ರಾಂನಲ್ಲಿ ಪ್ರಕಟವಾದ ಚಿತ್ರಗಳನ್ನು ಸಾರ್ವಜನಿಕ ಕ್ಯಾಮೆರಾಗಳ ದೃಶ್ಯದೊಂದಿಗೆ ತಾಳೆ ಹಾಕಿ, ಆ ಚಿತ್ರ ತೆಗೆಸಿಕೊಳ್ಳುವ ಮೊದಲು ಅವರು ಏನು ಮಾಡುತ್ತಿದ್ದರೆಂಬುದನ್ನು ತೋರಿಸಿತು. ಅದರಲ್ಲಿ ಕಾಣಿಸಿಕೊಂಡವರ ಒಪ್ಪಿಗೆಯನ್ನು ಮೊದಲೇ ಪಡೆದಿರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಬ್ಬ ಕಲಾವಿದ ಇಷ್ಟನ್ನು ಮಾಡಬಲ್ಲನಾದರೆ ಅಪಾರ ಹಣ, ಅಧಿಕಾರ ಇರುವವರು ಏನು ಮಾಡಬಲ್ಲರು ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಕರ್ನಾಟಕಕ್ಕೇನು ಸಂಬಂಧ?

ಬೆಂಗಳೂರಿನ ನಿಮ್ಹಾನ್ಸ್ ತಂತ್ರಜ್ಞಾನದ ಗೀಳಿಗೆಂದೇ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭಿಸಿತು. ಅದೇ ನಗರದಲ್ಲಿ ಸೇಫ್ ಸಿಟಿ ಯೋಜನೆಯಡಿ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಅಳವಡಿಸಲಾಗಿದೆ. ಮಹಿಳೆಯರ ಸುರಕ್ಷತೆ ಇದರ ಉದ್ದೇಶ. ಉದ್ದೇಶ ಒಳ್ಳೆಯದಾದರೂ, ದೃಶ್ಯಗಳನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಕೇಳುವ ಹಕ್ಕು ನಾಗರಿಕರಿಗಿದೆ.

ಆ ಹಕ್ಕಿನ ಹೋರಾಟದ ಮೊದಲ ಹೆಸರೂ ಕರ್ನಾಟಕದ್ದೇ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ರಾಜ್ಯ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನು, ಅವರನ್ನು ಗುರಿಯಾಗಿಸಿ ಜಾಹೀರಾತು ನೀಡುವುದನ್ನು ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಕಾನೂನು ಕಾಗದದ ಮೇಲಿದ್ದರೆ ಸಾಲದು. ತಮ್ಮ ಮೇಲೆ ಕಣ್ಣಿದೆ ಎಂಬ ಅರಿವು ಜನರಲ್ಲಿ ಮೂಡಬೇಕು. ಸಂವಾದಾತ್ಮಕ ಕಲೆಯ ಪ್ರಯೋಜನ ಇರುವುದು ಇಲ್ಲಿಯೇ. ಅದು ಫೋನು ಬಿಸಾಡಿ ಎಂದು ಉಪದೇಶಿಸುವುದಿಲ್ಲ. ನೀರು ಬಾರದಾಗ ಕಾಲುವೆಯ ಕೊನೆಯಂಚಿನ ರೈತರು ಕೇಳುವ ಪ್ರಶ್ನೆಯನ್ನೇ ಫೋನು ಹಿಡಿದವರೂ ಕೇಳುವಂತೆ ಮಾಡುತ್ತದೆ: ಗೇಟು ತೆರೆಯುವವರು ಯಾರು, ಅವರನ್ನು ಕೇಳುವವರು ಯಾರು?