ಕಿಮೋಥೆರಪಿಯ ವೇಳೆ ಕೈಗಳಿಗೆ ಶೀತದ ರಕ್ಷಣೆ

ಕ್ಯಾನ್ಸರ್ ಚಿಕಿತ್ಸೆಯೆಂದೊಡನೆ ಕೂದಲು ಉದುರುವುದು, ವಾಕರಿಕೆ ನಮ್ಮ ನೆನಪಿಗೆ ಬರುತ್ತವೆ. ಕೈಗಳಿಗೊದಗುವ ಸಂಕಟವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸ್ತನ ಕ್ಯಾನ್ಸರ್ ಮೊದಲಾದವುಗಳಿಗೆ ನೀಡುವ ಡೋಸಿಟ್ಯಾಕ್ಸೆಲ್ ಎಂಬ ಔಷಧದಿಂದ ಕೆಲವರ ಕೈಗಳ ಚರ್ಮ ಕೆಂಪೇರಿ ಸುಲಿಯುತ್ತದೆ. ಉಗುರುಗಳು ಬಣ್ಣಗೆಟ್ಟು ಬುಡದಿಂದ ಬಿಟ್ಟುಕೊಳ್ಳುತ್ತವೆ. ಆಗ ರೊಟ್ಟಿ ತಟ್ಟುವುದಿರಲಿ, ಅನ್ನ ಕಲಸುವುದೂ ಅಂಗಿಯ ಗುಂಡಿ ಹಾಕುವುದೂ ದುಸ್ತರವಾಗುತ್ತದೆ. ಬಾಧೆ ತೀವ್ರವಾದರೆ ಔಷಧದ ಪ್ರಮಾಣವನ್ನು ತಗ್ಗಿಸಬೇಕಾದ ಅಥವಾ ಮುಂದಿನ ಸರದಿಯನ್ನು ಮುಂದೂಡಬೇಕಾದ ಪ್ರಸಂಗವೂ ಬರಬಹುದು.

ಇದನ್ನು ತಗ್ಗಿಸಲು ವೈದ್ಯರು ಕಂಡುಕೊಂಡ ಉಪಾಯವು ಸರಳವಾದುದು. ತಂಪು ತಾಗಿದಾಗ ಚರ್ಮದ ಸೂಕ್ಷ್ಮ ರಕ್ತನಾಳಗಳು ಸಂಕುಚಿಸುತ್ತವೆ. ಔಷಧವು ರಕ್ತದಲ್ಲಿ ಹೆಚ್ಚಾಗಿರುವ ಹೊತ್ತಿನಲ್ಲಿಯೇ ಕೈಗಳನ್ನು ತಂಪಾಗಿರಿಸಿದರೆ, ಬೆರಳ ತುದಿಗೆ ತಲುಪುವ ಔಷಧದ ಪ್ರಮಾಣ ಕಡಿಮೆಯಾಗುತ್ತದೆ. ಅದಕ್ಕಾಗಿ ಶೀತಲೀಕರಿಸಿದ ಜೆಲ್ ತುಂಬಿದ ಕೈಗವಸುಗಳನ್ನು ಬಳಸುತ್ತಾರೆ. ಪಾದಗಳಿಗೂ ಅಂಥದೇ ಕಾಲುಚೀಲಗಳಿವೆ.

2005ರಲ್ಲಿ ಪ್ರಕಟವಾದ ಫ್ರಾನ್ಸ್ ದೇಶದ ಅಧ್ಯಯನವೊಂದರಲ್ಲಿ 45 ರೋಗಿಗಳ ಒಂದು ಕೈಗೆ ಮಾತ್ರ ಇಂಥ ಗವಸು ತೊಡಿಸಿ, ಇನ್ನೊಂದನ್ನು ಹಾಗೆಯೇ ಬಿಡಲಾಯಿತು. ಔಷಧ ಹರಿಸುವುದಕ್ಕೆ 15 ನಿಮಿಷ ಮೊದಲು, ಹರಿಯುವ ಒಂದು ಗಂಟೆ, ಅನಂತರದ 15 ನಿಮಿಷ, ಹೀಗೆ ಒಟ್ಟು 90 ನಿಮಿಷ ಅದನ್ನು ಧರಿಸಿದ್ದರು. ಬರಿಗೈಯಲ್ಲಿ ಉಗುರಿನ ಹಾನಿ ಶೇ. 51ರಷ್ಟು ಕಂಡುಬಂದರೆ, ಗವಸು ತೊಟ್ಟ ಕೈಯಲ್ಲಿ ಅದು ಶೇ. 11ರಷ್ಟಿತ್ತು. ಚರ್ಮದ ತೊಂದರೆಯೂ ಶೇ. 53ರಿಂದ ಶೇ. 24ಕ್ಕೆ ಇಳಿದಿತ್ತು. ಬಾಧೆ ಪೂರ್ಣವಾಗಿ ತಪ್ಪಲಿಲ್ಲ. ಆದರೆ ಬಹುಮಟ್ಟಿಗೆ ಕುಗ್ಗಿತು.

ಆದರೂ ಎಚ್ಚರ ಅಗತ್ಯ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಿಹಿಡಿದರೆ ಶೀತದಿಂದಲೇ ಗಾಯವಾಗುತ್ತದೆ. ತಂಪಿಗೆ ಬೆರಳುಗಳು ಬಿಳಿಚಿಕೊಳ್ಳುವ ರೋಗವುಳ್ಳವರಿಗೂ, ರಕ್ತಸಂಚಾರ ಕುಂದಿದವರಿಗೂ, ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರಿಗೂ ಇದು ಅಪಾಯಕರವಾಗಬಹುದು. ಆಕ್ಸಾಲಿಪ್ಲಾಟಿನ್ ಎಂಬ ಔಷಧ ಪಡೆಯುವವರಿಗೆ ತಂಪೇ ನರಗಳ ನೋವನ್ನು ಕೆರಳಿಸುತ್ತದೆ. ಆದುದರಿಂದ ತಮ್ಮ ಔಷಧಕ್ಕೆ ಈ ಕ್ರಮ ಹೊಂದುವುದೇ ಎಂದು ಮೊದಲ ಸರದಿಗೆ ಮುನ್ನವೇ ವೈದ್ಯರನ್ನು ಕೇಳಬೇಕು. ಉಗುರು ಕೆಟ್ಟ ಮೇಲೆ ಕೇಳಿದರೆ ತಡವಾಗುತ್ತದೆ.

ಬಹಳಷ್ಟು ರೋಗಿಗಳು, ಅದರಲ್ಲೂ ನಮ್ಮ ತಾಯಂದಿರು, ದೊಡ್ಡ ಕಾಯಿಲೆಯ ಮುಂದೆ ಉಗುರಿನ ನೋವೇನು ಮಹಾ ಎಂದು ಸುಮ್ಮನಿರುತ್ತಾರೆ. ಜೊತೆಯಲ್ಲಿ ಹೋಗುವ ನಾವು ಅವರ ಕೈಗಳನ್ನೊಮ್ಮೆ ನೋಡೋಣ. ಅವರ ಪರವಾಗಿ ನಾವೇ ಆ ಪ್ರಶ್ನೆಯನ್ನು ಕೇಳೋಣ. ಅದೂ ಒಂದು ಸೇವೆಯೇ.